ತಪ್ಪದ ಹಾಜರಿ

ಕೊಳೆತ ಕಾಫಿ ಸಿಪ್ಪೆಯ ಹುಳಿ ವಾಸನೆ ಬಂದರೆ ಇಂದಿಗೂ ನನಗೆ ನೆನಪಾಗುವುದು ತೋಟದ ದೊರೆಯ ಬಂಗಲೆಯ ಜಗಲಿ.

ಅಪ್ಪ ಮೂಡಿಗೆರೆ ಕಡೆಯ ಆ ಕಾಫಿ ತೋಟದಲ್ಲಿ ಆಳುಗಳ ಹಾಜರಿ, ಲೆಕ್ಕ ಬರೆಯುವ ರೈಟರು. ಹಣ್ಣು ಸುಲಿಯುವ ಯಂತ್ರಕ್ಕೆ ಸಿಕ್ಕಿ ಕೂಲಿಯಾಳು ಹೂವಮ್ಮನ ಎರಡು ಬೆರಳು ಹೋದ ದಿನ ಅವರೇ ನನ್ನೆದುರಿಗೆ ಅವಳಿಗೆ ಹೇಳಿದ್ದರು: "ಕುಯ್ಲು ಮುಗೀಲಿ ಮಾರಾಯ್ತಿ, ದೊರೆಗೆ ಹೇಳಿ ಪರಿಹಾರ ಕೊಡಿಸ್ತೀನಿ. ನೀನು ಮನೇಲಿ ಮಲಗು, ಹಾಜರಿ ನಾನು ಹಾಕ್ತೀನಿ." ದಿನವೂ ಹಾಕಿದರು. ನನಗೆ ಹೆಮ್ಮೆಯಾಗಿತ್ತು.

ಕುಯ್ಲು ಮುಗಿದ ಮೇಲೆ ಒಂದು ಮಧ್ಯಾಹ್ನ ಅವಳು ಬಂಗಲೆಯ ಜಗಲಿಗೆ ಬಂದು ದೊರೆಯೆದುರು ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿದಳು.

"ಇಷ್ಟು ದಿನ ಯಾಕೆ ಹೇಳಲಿಲ್ಲ?" ಎಂದರು ದೊರೆ.

ಅಪ್ಪ ಹಾಜರಿ ಪುಸ್ತಕ ತೆರೆದು ಹಿಡಿದರು. "ಒಂದು ದಿನಾನೂ ಕೆಲ್ಸ ತಪ್ಪಿಸಿಲ್ಲ, ನೋಡಿ. ಗಾಯ ಇಲ್ಲಿ ಆಗಿದ್ದಲ್ಲ."

"ನೀವೇ ಹಾಕಿದ್ದಲ್ವ ಅಯ್ಯಾ?" ಎಂದ ಹೂವಮ್ಮ ಕಂಬದ ಬಳಿ ನಿಂತಿದ್ದ ನನ್ನತ್ತ ತಿರುಗಿದಳು. "ಅಮ್ಮಣ್ಣಿ, ನೀವೂ ಕೇಳಿಸ್ಕಂಡಿದ್ರಲ್ಲ, ಹೇಳಿ."

ಅಪ್ಪ ನನ್ನ ಕಡೆ ನೋಡಲೂ ಇಲ್ಲ. ನಾನು ಹೇಳುವುದಿಲ್ಲವೆಂದು ಅವರಿಗೆ ಗೊತ್ತಿತ್ತು.