ಮೊದಲ ಹೆಸರು

ಕಡಲ ನೀರಿನಲ್ಲಿ ಹೊಸ ಪ್ರಭೇದದ ಬ್ಯಾಕ್ಟೀರಿಯಾ ಸಿಕ್ಕಿತೆಂದು ಸಾರಿದ ಲೇಖನದಿಂದ, ಅದನ್ನು ನಾಲ್ಕು ವರ್ಷ ಬೆಳೆಸಿದ ಸಂಶೋಧನಾ ವಿದ್ಯಾರ್ಥಿನಿಯ ಹೆಸರನ್ನು ಪ್ರೊಫೆಸರರು ತೆಗೆದುಹಾಕಿದರು.

ಅವಳು ಹೋಗಿ ಕೇಳಿದಳು. "ಇನ್ನೂ ಪರೀಕ್ಷೆ ಮಾಡ್ಬೇಕು ಅಂತ ರಾಗ ಎಳೀತಿದ್ದವಳು ನೀನೇ ಅಲ್ವಾ? ನನಗೆ ಅಷ್ಟು ಪುರುಸೊತ್ತಿಲ್ಲ" ಎಂದರು. ವರ್ಷವಿಡೀ ಅಲೆದರೂ ಅದೇ ಉತ್ತರ.

ಒಂದು ಬೆಳಿಗ್ಗೆ ಅವರೇ ಕರೆಸಿ ಕುರ್ಚಿ ತೋರಿಸಿ, ಒಂದು ಕಾಗದ ಮುಂದಿಟ್ಟರು.

"ಕೂತ್ಕೊಳಮ್ಮ. ನಿನಗೆ ಅನ್ಯಾಯ ಆಗಿದೆ. ಇದರಲ್ಲಿ ನಿನ್ನ ಹೆಸರೇ ಮೊದಲು. ಒಂದು ಸಹಿ ಹಾಕಿಬಿಡು."

ಅವಳು ಥಟ್ಟನೆ ಪೆನ್ನು ತೆಗೆದಳು. ಪೆನ್ನು ಹಿಡಿದೇ ಕಾಗದ ಓದಿದಳು. ಅದು ಲೇಖನ ಪ್ರಕಟಿಸಿದ ಪತ್ರಿಕೆಯ ಸಂಪಾದಕರಿಗೆ ಬರೆದದ್ದು: 'ಆ ಬ್ಯಾಕ್ಟೀರಿಯಾ ಕಡಲಿನದಲ್ಲ, ನಮ್ಮ ಲ್ಯಾಬಿನ ನಲ್ಲಿ ನೀರಿನದು. ಲೇಖನ ಹಿಂಪಡೆಯುತ್ತಿದ್ದೇವೆ. ಪ್ರಮಾದಕ್ಕೆ ಕೆಳಗಿನ ಮೊದಲ ಹೆಸರಿನವರೇ ಹೊಣೆ.'

"ಆ ಲೇಖನದಲ್ಲಿ ನಾನೆಲ್ಲಿದ್ದೆ ಸರ್? ಹಾಕಲ್ಲ" ಎಂದಳು.