ಹೆಸರು ಹಿಡಿದು

ಪರದೇಶದ ಆ ಸಮುದ್ರತೀರದ ಊರಿನಿಂದ ಒಳನಾಡಿಗೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಬಾದಾಮಿ ತೋಟಗಳು ಮುಗಿದ ಮೇಲೆ ಸಂರಕ್ಷಿತ ಅರಣ್ಯದ ಗೇಟು, ಅದರಾಚೆ ಆಳವಾದ ಕಣಿವೆ. ಹೋದ ವರ್ಷ ಸುತ್ತಾಡಲು ಬಂದಾಗ ಇಲ್ಲೇ ಮಂಜು ಕವಿದು ಅಪ್ಪ ದಾರಿ ತಪ್ಪಿದ್ದರು. ಮತ್ತೆ ಸಿಗಲಿಲ್ಲ.

ಅಮ್ಮ ಅವತ್ತು ಅಪ್ಪನನ್ನು ಕೂಗಿದ್ದ ಬಂಡೆಯ ಮೇಲೇ ನಿಂತಳು. ಸೀರೆಯ ಮೇಲೆ ಅಪ್ಪನ ಸ್ವೆಟರ್ ಹಾಕಿಕೊಂಡಿದ್ದಳು. ಜೊತೆಗೆ ಬಂದಿದ್ದ ಅರಣ್ಯದ ಗಾರ್ಡ್ ತನ್ನ ಭಾಷೆಯಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ತಿಳಿಸಿದೆ.

"ಇಲ್ಲಿ ನಾವು ಏನು ಕೂಗ್ತೀವೋ ಅದೇ ಮಾತು ವಾಪಸ್ ಬರುತ್ತಂತಮ್ಮ. ಬೇರೇನೂ ಬರಲ್ವಂತೆ."

"ಒಂದೇ ಒಂದು ಸಲ ಕೂಗ್ತೀನಿ."

"ಅವತ್ತು ಸಂಜೆವರೆಗೂ ಕೂಗಿದ್ಯಲ್ಲ."

"ಕೂಗಿದ್ದು ಹೆಸರನ್ನ. ಹೆಸರು ಹಿಡಿದು ಕೂಗು ಅಂತ ನೀನೇ ಹೇಳ್ದೆ. ಮೂವತ್ತೆರಡು ವರ್ಷದಲ್ಲಿ ನಾನು ಯಾವತ್ತಾದ್ರೂ ಪದ್ಮರಾಜ ಅಂತ ಕರೆದಿದ್ದೀನಾ? ಯಾರೋ ಬೇರೆಯವರು ಕರೀತಿದ್ದಾರೆ ಅಂದ್ಕೊಂಡಿರ್ತಾರೆ."

ತಲೆಯ ಮೇಲೆ ರಣಹದ್ದೊಂದು ಸುತ್ತುತ್ತಿತ್ತು. ಗಾರ್ಡ್ ಟೋಪಿ ತೆಗೆದು ದೂರ ಸರಿದು ನಿಂತ.

ಅಮ್ಮ ಸೆರಗು ಸರಿಮಾಡಿಕೊಂಡಳು. ಅಡುಗೆಮನೆಯಿಂದ ಊಟಕ್ಕೆ ಕರೆಯುವಾಗಿನ ದನಿಯಲ್ಲೇ, ಅದಕ್ಕಿಂತ ಒಂದಿಷ್ಟೂ ಜೋರಾಗಿ ಅಲ್ಲ, ಕರೆದಳು.

"ರೀ..."

ಕಣಿವೆ ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ಕೆಳಗಿನಿಂದ ದನಿ ಬಂತು.

"ಇರೇ, ಬಂದೆ."