ಉದಾಹರಣೆಗೆ ಒಂದು ಕೋರ್ಸು

“ಅರೇ, ಒತ್ತು ನಾ ಶ್ರದ್ಧಾ! ಯಾಕೆ ಹೆದರ್ತೀ?” ಯತಿನ್ ಸರ್ ಕುರ್ಚಿಯ ಹಿಂದೆಯೇ ನಿಂತಿದ್ದರು. ಆನ್‌ಲೈನ್ ಕೋರ್ಸುಗಳ ವಿವರ ಬದಲಾಯಿಸುವ ಎಪಿಐ ಎಂಬ ಹೊಸ ಸಾಫ್ಟ್‌ವೇರ್ ಸಾಧನ ತಯಾರಾಗಿತ್ತು. ಅದನ್ನು ಬಳಸುವ ಬಗೆಯನ್ನು ಬರೆದಿಡುವುದು ಠಾಣೆ ನಗರದ ಆ ಆಫೀಸಿನಲ್ಲಿ ಶ್ರದ್ಧಾಳ ಕೆಲಸ. ಕೋರ್ಸನ್ನು ಮುಚ್ಚುವುದು ಹೇಗೆಂದು ತೋರಿಸಲು ನಿಜವಾದ ಒಂದು ಉದಾಹರಣೆ ಬೇಕಿತ್ತು. ಸರ್ ಹುಡುಕಿ ಕೊಟ್ಟದ್ದು ‘ಮಕ್ಕಳಿಗೆ ಕನ್ನಡ. ಕಲಿಸುವವರು: ವಿಮಲಾ, ನೆರೂಳ.’

“ಇಡೀ ವರ್ಷಕ್ಕೆ ಒಂದೇ ಸ್ಟೂಡೆಂಟ್. ಬಂದ್ ಮಾಡಿದ್ರೆ ಅಳೋರು ಯಾರು, ಬೋಲ್?”

ವಿಮಲಾ ಶ್ರದ್ಧಾಳ ಅಮ್ಮ ಎಂಬುದು ಸರ್‌ಗೆ ಗೊತ್ತಿರಲಿಲ್ಲ. ಆ ಒಬ್ಬಳು ಸ್ಟೂಡೆಂಟ್, ಕಾಮೋಠೆಯ ಪುಟ್ಟ ದಿಶಾ, ಲೋಕದಲ್ಲೇ ಇಲ್ಲದ ಹುಡುಗಿ. ಅಮ್ಮನ ಮನಸ್ಸು ಮುರಿಯಬಾರದೆಂದು ಆ ಹೆಸರಿನಲ್ಲಿ ಶ್ರದ್ಧಾಳೇ ವಾರವಾರವೂ ಬೇಕೆಂದೇ ತಪ್ಪು ತಪ್ಪಾಗಿ ಹೋಂವರ್ಕ್ ಬರೆದು ಕಳಿಸುತ್ತಿದ್ದಳು. ಅದನ್ನೆಲ್ಲ ಯಾವ ಬಾಯಿಯಿಂದ ಹೇಳುವುದು? ಅವಳು ಒತ್ತಿದಳು. ಕೋರ್ಸು ಮುಚ್ಚಿದೆ ಎಂಬ ಉತ್ತರ ಪರದೆಯ ಮೇಲೆ ಮೂಡಿತು. “ಬಸ್, ಇಷ್ಟೇ!” ಎಂದು ಸರ್ ನಗುತ್ತಾ ಹೋದರು.

ಆ ಉತ್ತರವನ್ನು ಕಾಪಿ ಮಾಡಿ ತನ್ನ ಬರಹದೊಳಗೆ ಅಂಟಿಸುತ್ತಿದ್ದಾಗಲೇ ಅಮ್ಮನ ಫೋನು ಬಂತು. “ಮಗಾ, ಕೋರ್ಸು ಬಂದ್ ಅಂತ ನಿಮ್ಮ ಆಫೀಸಿಂದ ಮೆಸೇಜ್ ಬಂತು. ನನ್ನದು ಹೋಗ್ಲಿ, ಆ ದಿಶಾಗೆ ಒತ್ತಕ್ಷರ ಇನ್ನೂ ಸರಿಯಾಗಿ ಬರುದಿಲ್ಲ. ಅವಳ ಅಡ್ರೆಸ್ ಒಂದು ಹುಡುಕಿ ಕೊಡು ಮಾರಾಯ್ತಿ. ಕಾಮೋಠೆ ಏನು ದೂರವಾ? ನಾನೇ ಮನೆಗೆ ಹೋಗಿ ಹೇಳಿಕೊಡ್ತೇನೆ.”